ನೀನೇ ನೋಡ್ಕೋ

ಮಾರ್ಚ್ ೪

ಅಕ್ಕಾ,

ಕೆಲಸ ಬದಲಾಯಿಸಿದೆ. ಆಸ್ಪತ್ರೆಯ ವಾರ್ಡು ಸಾಕಾಯಿತು. ಈಗ ಒಂದು ದೊಡ್ಡ ಮನೆಯಲ್ಲಿ ಇರುವವರೊಬ್ಬರೇ ರೋಗಿ, ನಾನೊಬ್ಬನೇ ಅಟೆಂಡರ್. ಯಜಮಾನರಿಗೆ ಎಪ್ಪತ್ತೆರಡು ವಯಸ್ಸು. ಎರಡು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿವೆ, ಮಾತು ನಿಂತುಹೋಗಿದೆ. ಕಣ್ಣು ಮಾತ್ರ ಎಲ್ಲವನ್ನೂ ಗಮನಿಸುತ್ತದೆ. ಇವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮನೆಯಲ್ಲಿ ಇವರ ಮಗಳೊಬ್ಬಳಿದ್ದಾಳೆ, ಬೆಳಿಗ್ಗೆ ಆಫೀಸಿಗೆ ಹೋದರೆ ಸಂಜೆಗೆ ಬರುತ್ತಾಳೆ.

ನನಗೆ ಕೊಟ್ಟಿರುವುದು ಅವರ ಕೋಣೆಯ ಪಕ್ಕದ ಚಿಕ್ಕ ಕೋಣೆ. ಮೊದಲು ಅಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದರಂತೆ, ಗೋಡೆಗೆ ಇನ್ನೂ ಬಿಸಿ ಬಟ್ಟೆಯ ವಾಸನೆ ಇದೆ. ಮೊದಲ ದಿನ ಬಾಗಿಲು ತೆಗೆದ ಕೂಡಲೇ ನೀನು ಕೆಲಸ ಮಾಡುವ ಅಂಗಡಿಗೆ ಬಂದ ಹಾಗಾಯಿತು.

ಇಲ್ಲಿಗೆ ಫೋನು ಮಾಡಬೇಡ. ಫೋನು ಹಾಲಿನಲ್ಲಿದೆ, ಆಡಿದ್ದೆಲ್ಲ ಎಲ್ಲರಿಗೂ ಕೇಳುತ್ತದೆ. ಕಾಗದ ಬರೆ.

ಅಮ್ಮ ಮಲಗಿದ್ದ ಮೂರು ವರ್ಷ ಅವಳ ಚಾಕರಿ ಮಾಡಿದವಳು ನೀನು. ನಾನು ಆಗ ಬೀದಿ ಸುತ್ತುತ್ತಿದ್ದೆ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಹೋದ ಮಾತು ಮತ್ತೆ ಬರುತ್ತದಾ? ಅಮ್ಮನಿಗೆ ಕೊನೆಕೊನೆಗೆ ಸ್ವಲ್ಪ ಬಂದಿತ್ತಲ್ಲ, ನೀನು ಏನು ಮಾಡಿದ್ದೆ? ವಿವರವಾಗಿ ಬರೆ. ಇವರಿಗೆ ಮಾತು ಬರಲೇಬೇಕು.

ಮೊಂಡ


ಮಾರ್ಚ್ ೧೫

ಮೊಂಡಾ,

ನಿನ್ನ ಕಾಗದ ಬಂದ ದಿನ ಅಂಗಡಿ ತುಂಬ ಶಾಲೆಯ ಯೂನಿಫಾರ್ಮು. ಮುನ್ನೂರು ಅಂಗಿ, ಒಂದೊಂದಕ್ಕೆ ಏಳು ಗುಂಡಿ, ಅಷ್ಟಕ್ಕೂ ಕಾಜಾ ಹೊಲಿಯುವ ಭಾಗ್ಯ ನನ್ನದು. ಕಾಗದವನ್ನು ಮೆಷಿನ್ನಿನ ಡ್ರಾಯರಿನಲ್ಲಿಟ್ಟು ಐವತ್ತು ಅಂಗಿಗೊಂದು ಸಲ ತೆಗೆದು ಓದಿದೆ. ಪಕ್ಕದ ಮೆಷಿನ್ನಿನವಳು, "ಏನಕ್ಕಾ, ಯಾರದ್ದು? ಮುಖ ಅರಳಿದೆ" ಅಂದಳು. "ನನ್ನ ತಮ್ಮ ದುಡಿಯೋಕೆ ಶುರು ಮಾಡಿದಾನೆ, ಅದಕ್ಕೆ" ಅಂದೆ. ನೀನು ಎರಡು ವರ್ಷದಿಂದ ದುಡಿಯುತ್ತಿದ್ದೀಯ, ಗೊತ್ತು. ಆದರೂ ನಿನ್ನ ಕಾಲೆಳೆಯದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ.

ಈಗ ಕೇಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಗಡಿಯಾರ ನೋಡಿಯೇ ಮಾಡು, ನಿನ್ನ ಅಂದಾಜು ನಂಬಬೇಡ. ಬಿದ್ದಿರುವ ಕೈಯ ಕೆಳಗೆ ದಿಂಬಿಡು. ನೀರನ್ನು ಹಾಗೇ ಕುಡಿಸಿದರೆ ಶ್ವಾಸಕ್ಕೆ ಹೋಗುತ್ತದೆ, ಗಂಜಿಯಷ್ಟು ಗಟ್ಟಿ ಮಾಡಿ, ಸ್ವಾಧೀನ ಇರುವ ಎಡಗೆನ್ನೆಯೊಳಗೆ ಚಮಚದಲ್ಲಿ ಹಾಕು. ಸ್ನಾನದ ನೀರಿಗೆ ಮೊದಲು ನಿನ್ನ ಮೊಣಕೈ ಅದ್ದಿ ನೋಡು.

ಮಾತಾಡಿ ಮಾತಾಡಿ ಅಂತ ಪೀಡಿಸಬೇಡ. ಹಾಡು. ಅಮ್ಮನಿಗೆ 'ನೀರು' ಅನ್ನಲೂ ಬರುತ್ತಿರಲಿಲ್ಲ. ನಾನು ಅವಳ ಜೋಗುಳದ ಮೊದಲ ಸಾಲು ಹೇಳಿದರೆ ಎರಡನೇ ಸಾಲು ತಾನಾಗಿ ಬಾಯಿಗೆ ಬರುತ್ತಿತ್ತು. ಎಣಿಸುವುದೂ ಹಾಗೆಯೇ. ಒಂದು, ಎರಡು ಅಂದು ನಿಲ್ಲಿಸಿದರೆ ಮೂರು ಅವಳೇ ಹೇಳುತ್ತಿದ್ದಳು. ಬಾಯಿಗೆ ರೂಢಿಯಾದದ್ದು ಮೊದಲು ಬರುತ್ತದೆ, ಬೇಕಾದದ್ದು ಆಮೇಲೆ.

ನಿನ್ನ ಭಾವ ಹೋಗಿ ಈ ತಿಂಗಳಿಗೆ ಎರಡು ವರ್ಷ. ಮಂಗಳವಾರ ಮತ್ತೆ ಕಾರ್ಖಾನೆ ಇಲಾಖೆಯ ಕಚೇರಿಗೆ ಹೋಗಿದ್ದೆ. ವರದಿಯ ಆ ಸಾಲು ಹಾಗೇ ಇದೆ. "ಬಾಯ್ಲರ್ ಆಪರೇಟರನ ಅಜಾಗರೂಕತೆಯಿಂದ ಸ್ಫೋಟ ಸಂಭವಿಸಿದೆ." ಬದಲಿಸಲು ಹೊಸ ಸಾಕ್ಷಿ ಬೇಕಂತೆ. ಇರಲಿ. ನೀನು ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ.

ಅತ್ತೆ ಬೆಳಿಗ್ಗೆ ಎದ್ದ ಕೂಡಲೇ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮಗ ಶಿಫ್ಟು ಮುಗಿಸಿ ಬರುತ್ತಾನೆಂದು ಕಾಯುತ್ತಾರೋ, ಸುಮ್ಮನೆ ಗಾಳಿಗೆ ಕೂರುತ್ತಾರೋ, ಕೇಳಲು ನನಗೆ ಧೈರ್ಯವಿಲ್ಲ. ನಾನೂ ಆ ಬಾಗಿಲನ್ನು ಆಗಾಗ ನೋಡುತ್ತೇನೆ. ನೀನು ಬಂದು ಹತ್ತು ತಿಂಗಳಾಯಿತು. ಯಾವಾಗ ಬರುತ್ತೀಯ?

ನಿನ್ನ ಅಕ್ಕ


ಏಪ್ರಿಲ್ ೧೨

ಅಕ್ಕಾ,

ನೀನು ಹೇಳಿದ್ದು ಹೇಳಿದ ಹಾಗೇ ಮಾಡಿದೆ. ನನ್ನ ಗಂಟಲು ನಿನಗೆ ಗೊತ್ತು, ಹಾಡಲು ಹೋದರೆ ಕಿಟಕಿಯ ಮೇಲಿನ ಪಾರಿವಾಳ ಹಾರಿಹೋಗುತ್ತದೆ. ಅದಕ್ಕೆ ಎಣಿಸುವುದನ್ನೇ ಹಿಡಿದೆ. ಹನ್ನೆರಡು ದಿನ ಏನೂ ಇಲ್ಲ. ಹದಿಮೂರನೇ ದಿನ ಕಾಲು ನೀವುತ್ತ ಒಂದು, ಎರಡು ಅಂದೆ. 'ಊ' ಅಂತ ಒಂದು ಸದ್ದು ಬಂತು. ಎರಡು ದಿನ ಬಿಟ್ಟು 'ಮೂ' ಆಯಿತು. ಈಗ ಹತ್ತರವರೆಗೆ ಬರುತ್ತದೆ, ನಡುವೆ ಆರು ಮಾತ್ರ ತಪ್ಪಿಹೋಗುತ್ತದೆ.

ಮಗಳು ಬಾಗಿಲಲ್ಲಿ ನಿಂತು ಕೇಳಿ ಅತ್ತುಬಿಟ್ಟಳು. "ನೀವು ಬಂದ ಮೇಲೆ ಅಪ್ಪಂಗೆ ಜೀವ ಬಂತು" ಅಂದಳು. ಆಸ್ಪತ್ರೆಯ ಥೆರಪಿಸ್ಟ್ ಹುಡುಗಿಗೂ ಆಶ್ಚರ್ಯ. ಮಗಳು ಈಗ ನನ್ನ ಊಟವನ್ನು ತನ್ನ ಮೇಜಿನಲ್ಲೇ ಬಡಿಸಲು ಹೇಳಿದ್ದಾಳೆ. ಬೇಡ ಮೇಡಂ, ಅಭ್ಯಾಸವಿಲ್ಲ ಅಂದೆ.

ಒಂದು ಕಾಲಕ್ಕೆ ಇವರು ಬಂದರೆ ನಾನೂರು ಜನ ಎದ್ದು ನಿಲ್ಲುತ್ತಿದ್ದರಂತೆ. ಈಗ ಒಂದು ಚಮಚ ನೀರಿಗೆ ನನ್ನ ಮುಖ ನೋಡುತ್ತಾರೆ. ನಾನು ಬೇಕೆಂದೇ ಒಂದೊಂದು ಸಲ ಚಮಚ ಹಿಡಿದು ಸ್ವಲ್ಪ ತಡ ಮಾಡುತ್ತೇನೆ. ಅರ್ಧ ನಿಮಿಷ, ಅಷ್ಟೇ. ಆಮೇಲೆ ನನಗೇ ಹೇಸಿಗೆಯಾಗಿ ಕುಡಿಸುತ್ತೇನೆ.

ಅಕ್ಕಾ, ಒಬ್ಬ ಮನುಷ್ಯ ತಾನು ಮಾಡಿದ್ದನ್ನು ಪೂರ್ತಿ ಮರೆತುಬಿಟ್ಟರೆ, ಅವನಿಗೆ ಕೊಡುವ ಶಿಕ್ಷೆ ಯಾರಿಗೆ ತಗಲುತ್ತದೆ? ಸುಮ್ಮನೆ ಕೇಳಿದೆ. ಇಲ್ಲಿ ಮಧ್ಯಾಹ್ನ ಬಹಳ ಉದ್ದ.

ಊರಿಗೆ ಬರುವ ವಿಷಯ ಬರೆದಿದ್ದೀಯ. ಇಲ್ಲಿ ಒಂದು ಕೆಲಸ ಮುಗಿಯಬೇಕು. ಮುಗಿದ ದಿನವೇ ಹೊರಡುತ್ತೇನೆ.

ಮೊಂಡ


ಏಪ್ರಿಲ್ ೨೨

ಮೊಂಡಾ,

ಒಂದು ಕಾಗದದಲ್ಲಿ ಆ ಮನೆಯ ಮಗಳು ಎಷ್ಟು ಸಲ ಬಂದಳೆಂದು ನೋಡಿದೆಯಾ? ನಿಂತಳು, ಅತ್ತಳು, ಊಟಕ್ಕೆ ಕರೆದಳು. ಮುಗಿಯಬೇಕಾದ ಕೆಲಸ ಯಾವುದೆಂದು ನನಗೆ ಅರ್ಥವಾಗದೆ ಇಲ್ಲ. ಅಕ್ಕನಿಗೆ ಕಿವಿಯ ಮೇಲೆ ಹೂವಿಡಬೇಡ. ಅವಳು ಮಾಲೀಕರ ಮಗಳು, ನೀನು ಮೊಣಕೈಯಲ್ಲಿ ನೀರಿನ ಬಿಸಿ ನೋಡುವವನು. ಮನಸ್ಸಿಗೆ ನೋವಾಗುವಷ್ಟು ದೂರ ಹೋಗಬೇಡ. ಹೋಗಿದ್ದರೆ ನನಗೆ ಬರೆ, ಬೈಯುವುದಿಲ್ಲ. ಸ್ವಲ್ಪ ಬೈಯುತ್ತೇನೆ.

ತಮಾಷೆ ಸಾಕು. ನಿನ್ನ ಕಾಗದವನ್ನು ಅವತ್ತು ಸಂಜೆ ಮತ್ತೊಮ್ಮೆ ತೆಗೆದು ಓದಿದೆ. ಅಮ್ಮನಿಗೆ ಒಂದು ಲೋಟ ನೀರು ಕೊಡು ಅಂದರೆ ಗೋಡೆ ಹಾರಿ ಓಡುತ್ತಿದ್ದ ಹುಡುಗ, ಇವತ್ತು ಯಾರೋ ಮುದುಕರಿಗೆ ಹದಿಮೂರು ದಿನ ಬಿಡದೆ ಎಣಿಸುವುದು ಕಲಿಸಿದ್ದಾನೆ. ಇದನ್ನು ನಿನ್ನ ಭಾವ ನೋಡಬೇಕಿತ್ತು. ನಿನ್ನ ಬಗ್ಗೆ ಅವರು ಯಾವಾಗಲೂ, "ಬಿಡೇ, ಅವನು ಒಳಗಿಂದ ಮೆತ್ತಗಿದಾನೆ" ಅನ್ನುತ್ತಿದ್ದರು. ನಾನು ಒಪ್ಪುತ್ತಿರಲಿಲ್ಲ.

ಸಂಜೆ ಐದೂವರೆಗೆ ಬೀದಿಯ ತಿರುವಿನಲ್ಲಿ ಸೈಕಲ್ಲಿನ ಬೆಲ್ಲು ಕೇಳಿದರೆ ನನ್ನ ಕೈ ಇವತ್ತಿಗೂ ಟೀಗೆ ನೀರಿಡಲು ಹೋಗುತ್ತದೆ. ಎರಡು ಲೋಟ ಅಳತೆ ಮಾಡಿ ಒಂದು ವಾಪಸು ಸುರಿಯುತ್ತೇನೆ. ಅವರನ್ನು ನೋಡಬೇಕು ಅನ್ನಿಸುತ್ತದೆ ಮೊಂಡಾ. ಬೇರೆ ಯಾರ ಹತ್ತಿರ ಹೇಳಲಿ? ಅವರಂತೂ ಬರುವುದಿಲ್ಲ. ನೀನಾದರೂ ಬಾ.

ಅಕ್ಕ


ಮೇ ೩

ಅಕ್ಕಾ,

ಇದು ಚಿಕ್ಕ ಕಾಗದ.

ನಿನ್ನೆ ಬೆಳಿಗ್ಗೆ ಬಿ.ಪಿ. ನೋಡಲು ಎಡತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತುತ್ತಿದ್ದೆ. ಮಗಳು ಪಕ್ಕದಲ್ಲಿದ್ದಳು. "ಪ್ರೆಶರ್ ಎಷ್ಟಿದೆ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಗಲ್ಲ ಮೇಲೆತ್ತಿ ಹೇಳಿದರು, "ಪ್ರೆಶರ್ ಇಳೀಬಾರದಪ್ಪಾ."

ಪೂರ್ತಿ ಒಂದು ವಾಕ್ಯ. ಒಂದಕ್ಷರವೂ ತೊದಲಲಿಲ್ಲ. ಮಗಳು ಚಪ್ಪಾಳೆ ತಟ್ಟಿ ನಕ್ಕಳು. "ಇಳೀಬೇಕು ಅಪ್ಪಾ, ನಿಂದು ಇಳೀಲೇಬೇಕು" ಅಂದಳು.

ನನಗೆ ನಗಲಾಗಲಿಲ್ಲ. ಕೈಯಲ್ಲಿದ್ದ ರಬ್ಬರಿನ ಬುರುಡೆಯನ್ನು ಒತ್ತುತ್ತಲೇ ಇದ್ದೆನಂತೆ, ಅವರು ನೋವಿಗೆ ಕೈ ಎಳೆದುಕೊಂಡ ಮೇಲೆ ಗೊತ್ತಾಯಿತು.

ಮಾತು ಬಂತು ಅಕ್ಕಾ. ಇನ್ನು ಹೆಚ್ಚು ದಿನ ಬೇಕಾಗಿಲ್ಲ.

ಮೊಂಡ


ಮೇ ೧೦

ನೀನು ಯಾರ ಮನೆಯಲ್ಲಿದ್ದೀಯ?

ಆ ಮಾತನ್ನು ನಾನು ಎರಡು ವರ್ಷದಿಂದ ಕೇಳಿರಲಿಲ್ಲ. ಊಟಕ್ಕೆ ಕೂತಾಗ ನಿನ್ನ ಭಾವ ಗಲ್ಲ ಮೇಲೆತ್ತಿ, ಒಂದು ಬೆರಳು ಆಡಿಸಿ, ಅವರ ಯಜಮಾನನ ಹಾಗೆ ಹೇಳಿ ತೋರಿಸುತ್ತಿದ್ದರು. "ಪ್ರೆಶರ್ ಇಳೀಬಾರದಪ್ಪಾ." ಅತ್ತೆ ತುತ್ತು ನೆತ್ತಿಗೇರುವಷ್ಟು ನಗುತ್ತಿದ್ದರು. "ನಾನೂರು ಜನಕ್ಕೂ ಅಪ್ಪಾ ಅಂತಾನೆ ಕಣೇ, ಒಬ್ಬರ ಹೆಸರೂ ಗೊತ್ತಿಲ್ಲದೆ ಇರೋದಕ್ಕೆ" ಎಂದು ನಿನ್ನ ಭಾವ ಹೇಳುತ್ತಿದ್ದರು.

ನನ್ನ ಹತ್ತಿರ ಎಣಿಸುವುದು ಕೇಳಿದೆ, ಮಗ್ಗುಲು ಬದಲಿಸುವುದು ಕೇಳಿದೆ, ಎಲ್ಲ ಬರೆದು ಕಳಿಸಿದೆ. ಆ ಮನುಷ್ಯನಿಗೆ ನನ್ನ ಕೈಯಿಂದಲೇ ಮಾತು ಬರಿಸಿದೆಯಲ್ಲೋ.

ಅಷ್ಟು ದೂರ ಹೋಗಿ ಅವನ ಮಂಚದ ಪಕ್ಕ ಏನು ಮಾಡುತ್ತಿದ್ದೀಯ? ಇಷ್ಟು ದ್ವೇಷ ಒಳಗಿಟ್ಟುಕೊಂಡು ನನಗೆ ಪಾರಿವಾಳದ ಕಥೆ ಬರೆದೆಯಾ? ಮುಗಿಯಬೇಕಾದ ಕೆಲಸ ಏನೆಂದು ನಾನು ಬಿಡಿಸಿ ಬರೆಯುವುದಿಲ್ಲ, ಬರೆದರೆ ನಿಜವಾಗಿಬಿಡುತ್ತದೆಂದು ಭಯ. ಈ ಕಾಗದ ಸಿಕ್ಕಿದ ದಿನವೇ ಚೀಲ ಎತ್ತಿಕೊಂಡು ಹೊರಡು. ಯಾರಿಗೂ ಹೇಳಬೇಕಾಗಿಲ್ಲ.

ಅಕ್ಕ


ಮೇ ೧೯

ಅಕ್ಕಾ,

ಸಿಟ್ಟು ಮಾಡಿಕೊಳ್ಳಬೇಡ. ನೀನು ಹೇಳಿದ ಕೆಲಸವನ್ನೇ ಮಾಡುತ್ತಿದ್ದೇನೆ.

ಭಾವ ಹೋದ ದಿನ, ಆಸ್ಪತ್ರೆಯ ಎರಡನೇ ಮಹಡಿ. ಭಾವನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಒಳಗೆ ಇಟ್ಟಿದ್ದರು. ಈ ಯಜಮಾನರು ಇಬ್ಬರು ಅಧಿಕಾರಿಗಳ ಜೊತೆ ಬಂದು, ಬಾಗಿಲಲ್ಲಿ ನಿಂತು, ತಲೆ ಅಲ್ಲಾಡಿಸಿ, ವಾಪಸು ಲಿಫ್ಟಿನ ಕಡೆ ನಡೆದರು. ನೀನು ನನ್ನ ತೋಳು ಹಿಡಿದು, ನನ್ನ ಹೆಗಲಾಚೆ ದಿಟ್ಟಿಸುತ್ತ ಹೇಳಿದೆ. "ನೀನೇ ನೋಡ್ಕೋ ಮೊಂಡಾ. ನನ್ನ ಕೈಲಾಗಲ್ಲ." ತಿರುಗಿ ನೋಡಿದೆ. ಇವರ ಬೆನ್ನು ಕಾಣಿಸುತ್ತಿತ್ತು. "ನೋಡ್ಕೋತೀನಿ ಅಕ್ಕಾ" ಅಂದೆ. ಅವತ್ತಿನಿಂದ ಅದೇ ಮಾತಿನ ಮೇಲೆ ಬದುಕಿದ್ದೇನೆ. ವಾರ್ಡಿನ ಕೆಲಸ ಕಲಿತದ್ದೂ ಅದಕ್ಕೆ. ಮೊದಲು ಸುಮ್ಮನೆ ಹೊಟ್ಟೆಪಾಡಿಗೆ ಅಂದುಕೊಂಡಿದ್ದೆ, ಇವರಿಗೆ ಲಕ್ವ ಹೊಡೆದ ಸುದ್ದಿ ಬಂದಾಗ ನನಗೆ ಈ ಕೆಲಸ ಯಾಕೆ ಬಂತೆಂದು ಗೊತ್ತಾಯಿತು. ಏಜೆನ್ಸಿಯವರ ಹತ್ತಿರ ಕೇಳಿ ಈ ಮನೆಗೇ ಹಾಕಿಸಿಕೊಂಡೆ. ಎಲ್ಲರನ್ನೂ ಅಪ್ಪಾ ಅನ್ನುವವರಿಗೆ ನನ್ನ ಮುಖ ಎಲ್ಲಿ ನೆನಪಿರಬೇಕು?

ದ್ವೇಷ ಅಂತ ಬರೆದಿದ್ದೀಯ. ದ್ವೇಷವೇ ಆಗಿದ್ದರೆ ಮೊದಲ ವಾರದಲ್ಲಿ ಒಂದು ಲೋಟ ನೀರು ಸಾಕಿತ್ತು. ಇವರ ಮನೆ, ಕಾರು ನೋಡಿ ಹೊಟ್ಟೆ ಉರಿಯಿತೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ, ಅದೂ ಅಲ್ಲ. ವರದಿಯ ಆ ಸಾಲಿಗಾಗಿ ನಾವಿಬ್ಬರೂ ಸೇರಿ ಇಲಾಖೆಗೂ ಕಾರ್ಖಾನೆಗೂ ಹನ್ನೊಂದು ಅರ್ಜಿ ಕೊಟ್ಟೆವು. ಕುರ್ಚಿ ಕೊಟ್ಟು ಕೂರಿಸಿದರು, ನೀರು ಕೊಟ್ಟರು, ಬನ್ನಿ ಹೋಗಿ ಅಂದರು. ಒಬ್ಬನಾದರೂ ಕತ್ತು ಹಿಡಿದು ಆಚೆ ತಳ್ಳಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ತಳ್ಳುವವನು ಮುಖವನ್ನಾದರೂ ನೋಡುತ್ತಾನೆ.

ನಿನಗೆ ಹೇಳದ ಒಂದು ವಿಷಯವಿದೆ. ಹತ್ತನೇ ಅರ್ಜಿ ಕೊಟ್ಟ ದಿನ ಇವರ ಕಾರು ಕಾರ್ಖಾನೆಯ ಗೇಟಿನ ಹತ್ತಿರ ನಿಂತಿತ್ತು. ಓಡಿಹೋಗಿ ಗಾಜು ತಟ್ಟಿದೆ. ಇವರು ತಿರುಗಿದರು. ನನ್ನನ್ನು ನೋಡಲಿಲ್ಲ. ಗಾಜಿನ ಮೇಲೆ ನನ್ನ ಬೆರಳಿನ ಗುರುತು ಬಿದ್ದಿತ್ತು, ಅದನ್ನು ನೋಡಿದರು. ಡ್ರೈವರಿಗೆ ಏನೋ ಹೇಳಿದರು. ಅವನು ಇಳಿದು ಬಂದು, ಪಾಪ, "ಸ್ವಲ್ಪ ಸರೀರಿ" ಅಂದು ಬಟ್ಟೆಯಿಂದ ಒರೆಸಿದ. ಕಾರು ಹೋಯಿತು. ಒರೆಸಿದರೂ ಹೋಗದ ಒಂದು ಗುರುತು ಇವರ ಮೈಮೇಲೆ ಮಾಡಬೇಕೆಂದು ನನಗೆ ಅನ್ನಿಸಿದ್ದು ಅವತ್ತು. ಜನ ಇಂಥದ್ದಕ್ಕೆ ಯಾಕೆ ಕೈ ಹಾಕುತ್ತಾರೆಂದು ದೊಡ್ಡ ದೊಡ್ಡ ಕಾರಣ ಹೇಳುವುದನ್ನು ಕೇಳಿದ್ದೇನೆ. ನನ್ನದು ಇಷ್ಟೇ, ಒಂದು ಅಂಗೈ ಅಗಲದ ಗಾಜು.

ಮಾತು ಬರಲಿ ಎಂದು ಕಾದೆ, ಯಾಕೆಂದರೆ ಏನೂ ತಿಳಿಯದೆ ಹೋಗಿಬಿಟ್ಟರೆ ಅದು ಬರೀ ಸಾವು. ಕೇಳುತ್ತೇನೆ. ಭಾವನ ಶಿಫ್ಟಿನವರು ಗುಟ್ಟಾಗಿ ಹೇಳಿದ ಹಾಗೆ, ಭಾವನ ಕೈಯಲ್ಲಿ ಬಾಯ್ಲರಿನ ಸೇಫ್ಟಿ ವಾಲ್ವಿಗೆ ತಂತಿ ಬಿಗಿಸಿ, ಹಬೆ ಹೊರಗೆ ಹೋಗದ ಹಾಗೆ ಮಾಡಿಸಿದ್ದು ಯಾರು ಅಂತ. ಒಂದು ಸಲ 'ನಾನು' ಅನ್ನಲಿ. ಆಮೇಲೆ ನೋಡಿಕೊಳ್ಳುತ್ತೇನೆ.

ಬೇಗ ಬರುತ್ತೇನೆ. ಟೀಗೆ ಎರಡು ಲೋಟ ನೀರಿಡು.

ಮೊಂಡ


ಮೇ ೨೭

ಮೊಂಡಾ, ನನ್ನ ಅಪ್ಪಾ, ನನ್ನ ರಾಜ,

ಈ ಕಾಗದ ನಿನಗೆ ಬೇಗ ಮುಟ್ಟಲಿ ಎಂದು ಪೋಸ್ಟ್ ಆಫೀಸಿನಲ್ಲೇ ನಿಂತು ಬರೆಯುತ್ತಿದ್ದೇನೆ. ಪೆನ್ನು ಅವರದು, ದಾರದಲ್ಲಿ ಕಟ್ಟಿಟ್ಟಿದ್ದಾರೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ.

ನಾನು ಹೇಳಿದ್ದು ಅತ್ತೆಯನ್ನು ಕಣೋ.

ನಿನ್ನ ಹೆಗಲಾಚೆ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಮಗನ ಮುಖ ನೋಡಿ ಬಂದವರು ಕುಸಿದು ನೆಲಕ್ಕೆ ಜಾರುತ್ತಿದ್ದರು. ಹಿಡಿದುಕೊಳ್ಳಲು ನನ್ನ ಕೈಯಲ್ಲಿ ಶಕ್ತಿ ಇರಲಿಲ್ಲ. "ನೀನೇ ನೋಡ್ಕೋ" ಅಂದದ್ದು ಅದಕ್ಕೆ. ನೀನು ತಿರುಗಿದೆ, ಆಮೇಲೆ ಅಲ್ಲೇ ಕಲ್ಲಾಗಿ ನಿಂತೆ. ಯಾರೋ ನರ್ಸು ಓಡಿ ಬಂದು ಅತ್ತೆಯನ್ನು ಎತ್ತಿದಳು. ಇವನಿಗೆ ಗಾಬರಿಯಾಗಿದೆ ಅಂದುಕೊಂಡೆ. ಆ ಮನುಷ್ಯ ಬಂದಿದ್ದನೆಂಬುದೇ ನನಗೆ ಗೊತ್ತಿರಲಿಲ್ಲ.

ಅತ್ತೆಯನ್ನು ನೋಡಿಕೊ ಅಂದರೆ ಅವನನ್ನು ನೋಡಿಕೊಳ್ಳಲು ಹೊರಟೆಯಲ್ಲ. ನಗಲೋ ಅಳಲೋ ಗೊತ್ತಾಗದೆ ನಿನ್ನೆ ಎರಡನ್ನೂ ಮಾಡಿದೆ.

ನಾನು ಒಳ್ಳೆಯವಳೆಂದು ತೋರಿಸಿಕೊಳ್ಳುವುದಿಲ್ಲ. ಅವನಿಗೆ ನಿನ್ನ ಚಮಚಕ್ಕೆ ಬಾಯಿ ತೆರೆದು ಕಾಯುವ ಗತಿ ಬಂತೆಂದು ಓದಿದಾಗ, ಅವನು ಯಾರೆಂದು ಗೊತ್ತಾದ ಮೇಲೆ ಮತ್ತೊಮ್ಮೆ ತೆಗೆದು ಓದಿದಾಗ, ಒಂದು ಗಳಿಗೆ ನನ್ನ ಎದೆ ತಣ್ಣಗಾಯಿತು. ಆ ತಂಪಿಗೇ ಹೆದರಿದೆ.

ಈಗ ಎರಡು ವರ್ಷ ನುಂಗಿಕೊಂಡಿದ್ದನ್ನು ಬರೆಯುತ್ತೇನೆ. ನಿನಗೂ ಹೇಳಿಲ್ಲ, ವಿಚಾರಣೆಗೆ ಬಂದವರಿಗೂ ಹೇಳಿಲ್ಲ. ಬಾಯ್ಲರ್ ಸಿಡಿಯುವುದಕ್ಕೆ ಒಂಬತ್ತು ದಿನ ಮೊದಲು ನಿನ್ನ ಭಾವ ಸಂಜೆ ಬಂದು, ಕಾಲು ತೊಳೆಯದೆ ಹಾಗೇ ನನ್ನ ಮೆಷಿನ್ನಿನ ಹತ್ತಿರ ನಿಂತರು. "ವಾಲ್ವಿಗೆ ತಂತಿ ಕಟ್ಟಿಸಿದಾರೆ ಕಣೇ. ಬಟ್ಟೆಗೆ ಬಣ್ಣ ಹಾಕೋ ತೊಟ್ಟಿ ಕಾಯ್ತಿಲ್ಲ ಅಂತ. ನಂಗೆ ಯಾಕೋ ಸರಿ ಕಾಣ್ತಿಲ್ಲ. ನಾಳೆ ಬಿಚ್ಚಿಬಿಡ್ಲಾ? ಇಲ್ಲಾಂದ್ರೆ ಇನ್ಸ್‌ಪೆಕ್ಟರಿಗೆ ಒಂದು ಕಾಗದ ಬರೀಲಾ?" ಎಂದು ಕೇಳಿದರು. ನಾನು ದಾರ ಪೋಣಿಸುತ್ತಿದ್ದೆ, ಸೂಜಿಯಿಂದ ಕಣ್ಣೆತ್ತಲಿಲ್ಲ. "ಊರ ಉಸಾಬರಿ ನಿಮಗ್ಯಾಕೆ? ಹೇಳಿದಷ್ಟು ಮಾಡಿ, ಬಾಯ್ಮುಚ್ಕೊಂಡಿರಿ" ಅಂದೆ. ಅವರು "ಹೂಂ, ಅದೂ ಸರೀನೇ" ಎಂದು ಕಾಲು ತೊಳೆಯಲು ಹೋದರು.

ಅವನು ಕಟ್ಟು ಅಂದ. ನಾನು ಬಿಚ್ಚಬೇಡಿ ಅಂದೆ. ನಿನ್ನ ಭಾವ ಇಬ್ಬರ ಮಾತನ್ನೂ ಕೇಳಿದರು. ಲೆಕ್ಕ ತೀರಿಸಲು ಹೊರಟಿದ್ದೀಯಲ್ಲ, ಹತ್ತಿರದಲ್ಲಿರುವ ನನ್ನಿಂದಲೇ ಶುರು ಮಾಡು.

ನನಗೆ ಅವನ ಕುತ್ತಿಗೆ ಬೇಡ. ವರದಿಯ ಆ ಒಂದು ಸಾಲು ಹೋಗಬೇಕು, ಅಷ್ಟೇ ಆಸೆಯಿತ್ತು. ಈಗ ಅದೂ ಬೇಡ. ಆ ಬಾಯ್ಲರಿಗೆ ಒಬ್ಬರನ್ನು ಕೊಟ್ಟಿದ್ದೇನೆ, ಎರಡನೆಯವನನ್ನು ಕೊಡುವುದಿಲ್ಲ. ಕಿಟಕಿಯಲ್ಲಿ ನನ್ನ ಹಿಂದೆ ಜನ ನಿಂತಿದ್ದಾರೆ. ಬಾರೋ. ಬಂದುಬಿಡು.

ಅಕ್ಕ


ಜೂನ್ ೪

ಅಕ್ಕಾ,

ಮೊದಲು ಇದನ್ನು ತಿಳಿದುಕೊ. ನಾನು ಮುಟ್ಟಲಿಲ್ಲ. ಓದಿದ ಮೇಲೆ ಈ ಕಾಗದವನ್ನು ಸುಟ್ಟುಬಿಡು.

ನಿನ್ನೆ ಬೆಳಿಗ್ಗೆ ಮುಖ ಒರೆಸಿ, ಕೂರಿಸಿ, ಎದುರಿಗೆ ಕುರ್ಚಿ ಎಳೆದುಕೊಂಡು ಕೇಳಿದೆ. "ನಿಮ್ಮ ಬಾಯ್ಲರ್ ಮನೇಲಿ ಒಬ್ಬರು ಸತ್ತರಲ್ಲ, ವಾಲ್ವಿಗೆ ತಂತಿ ಕಟ್ಟಿದವರು, ನೆನಪಿದಾರಾ?" ಭಾವನ ಹೆಸರನ್ನೂ ಹೇಳಿದೆ. ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಮರೆಮಾಚುವ ಮುಖ ಅಲ್ಲ ಅದು, ನಿಜವಾಗಿ ಹುಡುಕುತ್ತಿದ್ದರು. ಆಮೇಲೆ, "ಯಾರು?" ಅಂದರು. ಈ ಮೂರು ತಿಂಗಳಲ್ಲಿ ಅವರು ಆಡಿದ ಅತ್ಯಂತ ಸ್ಪಷ್ಟವಾದ ಮಾತು.

ಮಧ್ಯಾಹ್ನಕ್ಕೆ ಎಂದು ನಿರ್ಧಾರ ಮಾಡಿದೆ. ಯಾವ ದಿಂಬು ಎಂಬುದನ್ನೂ ನೋಡಿಟ್ಟೆ. ಹನ್ನೆರಡೂವರೆಗೆ ಗೇಟಿನವನು ನಿನ್ನ ಕಾಗದ ತಂದುಕೊಟ್ಟ. ನನ್ನ ಕೋಣೆಯಲ್ಲಿ ಕೂತು ಓದಿದೆ, ಮತ್ತೆ ಓದಿದೆ. ಎರಡು ಗಂಟೆಗೆ ಅವರ ಮಗ್ಗುಲು ಬದಲಿಸಬೇಕಿತ್ತು. ಏಳಲಿಲ್ಲ. ಮೂರಕ್ಕೆ ಹೋಗಿ ನೋಡಿದರೆ ಅವರು ಹೋಗಿಬಿಟ್ಟಿದ್ದರು. ಮೈ ಇನ್ನೂ ಬೆಚ್ಚಗಿತ್ತು. ನಾನು ಏನು ಮಾಡಿದೆ ಗೊತ್ತಾ? ಮಗ್ಗುಲು ಬದಲಿಸಿದೆ.

ಡಾಕ್ಟರು ಬಂದು ಇನ್ನೊಂದು ಸಲ ಹೊಡೆದಿದೆ ಅಂದರು. ಮಗಳು ನನ್ನ ಕೈ ಹಿಡಿದುಕೊಂಡು, "ಅಪ್ಪನ್ನ ಎಷ್ಟು ಚೆನ್ನಾಗಿ ನೋಡ್ಕೊಂಡ್ರಿ" ಎಂದು ಅತ್ತಳು.

ಅತ್ತೆಯ ವಿಷಯ ಓದಿ ನನಗೂ ನಗು ಬಂತು. ಆದರೆ ಒಂದು ಮಾತು ಹೇಳುತ್ತೇನೆ. ನನಗೆ ಜೀವಮಾನದಲ್ಲಿ ಯಾರೂ ಯಾವ ಕೆಲಸವನ್ನೂ ಒಪ್ಪಿಸಿದವರಲ್ಲ. ನೀನು ಒಪ್ಪಿಸಿದ್ದೀಯ ಅಂದುಕೊಂಡು ಎರಡು ವರ್ಷ ಬೆನ್ನು ನೇರ ಮಾಡಿಕೊಂಡು ನಡೆದೆ. ಅದು ತಪ್ಪು ಕೇಳಿಸಿಕೊಂಡದ್ದು ಅಂತ ಗೊತ್ತಾದಾಗ, ಅವರು ಸತ್ತದ್ದಕ್ಕಿಂತ ಅದೇ ಹೆಚ್ಚು ಖಾಲಿ ಅನ್ನಿಸಿತು.

ಭಾವನಿಗೆ ನೀನು ಹೇಳಿದ ಮಾತನ್ನು ಎಲ್ಲ ಮನೆಯಲ್ಲೂ ಹೇಳುತ್ತಾರೆ. ತಂತಿ ಕಟ್ಟಿಸಿದವಳು ನೀನಲ್ಲ. ನಿನ್ನ ಆ ಕಾಗದವನ್ನು ಹರಿದು ನೀರಿನಲ್ಲಿ ನೆನೆಸಿ ಹಾಕಿದ್ದೇನೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ನಾನು ಮಾಡಲಿರುವುದನ್ನು ಕೇಳಿ ಕಿರುಚಬೇಡ. ಈ ಕಾಗದವನ್ನು ಡಬ್ಬಿಗೆ ಹಾಕಿ ಪೊಲೀಸ್ ಠಾಣೆಗೆ ಹೋಗಿ, ದಿಂಬು ಒತ್ತಿದ್ದು ನಾನು ಎಂದು ಹೇಳುತ್ತೇನೆ. ಭಾವ ಸತ್ತಾಗ ಯಾಕೆ ಎಂದು ಯಾರೂ ಕೇಳಲಿಲ್ಲ. ಇವರನ್ನು ಕೊಂದೆ ಅಂದರೆ ಹತ್ತು ಜನ ಪೆನ್ನು ಹಿಡಿದು ಎದುರಿಗೆ ಕೂತು ಕೇಳುತ್ತಾರೆ, ಯಾಕೆ ಅಂತ. ಆಗ ವಾಲ್ವು, ತಂತಿ, ಹನ್ನೊಂದು ಅರ್ಜಿ, ಎಲ್ಲ ಹೇಳುತ್ತೇನೆ. ಬರೆದುಕೊಳ್ಳಲೇಬೇಕು, ಅದು ಅವರ ಕೆಲಸ. ನಿನ್ನ ಆ ಸಾಲು ಹೋಗಲು ಬೇರೆ ದಾರಿ ನನಗೆ ಕಾಣಿಸುತ್ತಿಲ್ಲ.

ಬರುತ್ತೇನೆ ಅಂದಿದ್ದೆ. ತಡವಾಗುತ್ತದೆ.

ಮೊಂಡ


ಜೂನ್ ೧೭

ಮೊಂಡಾ,

ಭೇಟಿಗೆ ಬಿಡಲಿಲ್ಲ, ಅದಕ್ಕೇ ಈ ಕಾಗದ. ಇದನ್ನು ಜೈಲಿನವರು ಮೊದಲು ಓದಿ ಆಮೇಲೆ ನಿನಗೆ ಕೊಡುತ್ತಾರಂತೆ. ಓದಲಿ.

ನಾನು ಸುಡಲಿಲ್ಲ. ಅತ್ತೆಯನ್ನು ಪಕ್ಕದ ಮೆಷಿನ್ನಿನವಳ ಹತ್ತಿರ ಬಿಟ್ಟು, ಒಂದು ಹಗಲಿನ ಬಸ್ಸು ಹಿಡಿದು ಇಲ್ಲಿಗೆ ಬಂದೆ. ಕೋರ್ಟಿನವರು ನಿನಗೆ ಕೊಟ್ಟಿರುವ ವಕೀಲಮ್ಮನನ್ನು ಹುಡುಕಿ, ನಿನ್ನ ಕಾಗದಗಳನ್ನೆಲ್ಲ ಅವರ ಮೇಜಿನ ಮೇಲಿಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದಿದರು. ಪಾರಿವಾಳದ ಹತ್ತಿರ ನಕ್ಕರು. ಕೊನೆಯದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಅಮ್ಮಾ, ಯೋಚನೆ ಮಾಡಿ ಕೊಡಿ" ಅಂದರು. "ಇದು, ಡಾಕ್ಟರ ವರದಿ, ಎರಡೂ ಸೇರಿದರೆ ಕೊಲೆಯ ಮಾತೇ ನಿಲ್ಲೋದಿಲ್ಲ. ಆದರೆ ಕೇಸೇ ಇಲ್ಲ ಅಂದಮೇಲೆ ಬಾಯ್ಲರ್ ವಿಷಯ ಯಾರೂ ಎತ್ತೋದಿಲ್ಲ. ನಿಮ್ಮ ತಮ್ಮ ಏನು ಕೇಳಿಸಬೇಕು ಅಂತ ಇಷ್ಟು ಮಾಡಿದಾನೋ ಅದು ಅಲ್ಲಿಗೆ ಮುಚ್ಚಿಹೋಗುತ್ತೆ. ನಿಮ್ಮ ಯಜಮಾನರ ಹೆಸರಿನ ಮೇಲೆ ಆ ಸಾಲು ಹಾಗೇ ಉಳಿಯುತ್ತೆ."

ಅವರ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಕಾಗದ ಹಾರದಿರಲೆಂದು ಅದರ ಮೇಲೆ ನನ್ನ ಕೈ ಇತ್ತು. ಎತ್ತಬೇಕೋ ಬೇಡವೋ ಎಂದು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ನಿನ್ನ ಭಾವನನ್ನು ಕೇಳಿದೆ, ಮನಸ್ಸಿನಲ್ಲೇ. ಅವರು ಯಾವತ್ತಿನ ಹಾಗೆ ನನ್ನ ಮಾತಿಗೇ ಬಿಟ್ಟರು.

ಕೈ ಎತ್ತಿದೆ. ನಾನು ಅವತ್ತು ಹೇಳಿದ ಮಾತನ್ನೂ ಅವರಿಗೆ ಬಾಯಲ್ಲೇ ಹೇಳಿ ಬರೆಸಿದೆ. ನೀನು ಹರಿದು ಹಾಕಿದರೇನು, ನನ್ನ ನಾಲಿಗೆ ಇದೆಯಲ್ಲ.

ನಿನಗೆ ಎಷ್ಟು ಸಿಟ್ಟು ಬರುತ್ತದೆಂದು ಗೊತ್ತು. ಒಬ್ಬರು ಕಾಗದ ಬರೀಲಾ ಅಂದಾಗ ಬಾಯಿ ಮುಚ್ಚಿಸಿದೆ. ಈಗ ನೀನು ಬಾಯಿ ತೆರೆದರೆ ನಿನ್ನದನ್ನೂ ಮುಚ್ಚಿಸಿದೆ. ಎರಡನೇ ಸಲ ಅದನ್ನೇ ಮಾಡಿದೆಯಲ್ಲೇ ಎಂದು ನೀನು ಕೇಳುತ್ತೀಯ, ಕೇಳು. ಸರಿಯೋ ತಪ್ಪೋ ನನಗೆ ತಿಳಿಯದು. ನಿನ್ನನ್ನು ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ, ಅಷ್ಟೇ ಗೊತ್ತು.

ಮುಂದಿನ ವಾರ ಬಿಡಬಹುದು ಎಂದು ವಕೀಲಮ್ಮ ಹೇಳುತ್ತಾರೆ. ಬಿಟ್ಟರೂ ನೀನು ಸಿಟ್ಟಿಗೆ ಬೇರೆ ಕಡೆ ಹೊರಟುಹೋಗುತ್ತೀಯೆಂದು ನನಗೆ ಹೆದರಿಕೆ. ಮೂರು ಪುಟ ಬೈದು ಬರೆದು, ಆಮೇಲೆ ವರ್ಷಗಟ್ಟಲೆ ಸುಮ್ಮನಿದ್ದುಬಿಡುವವನು ನೀನು. ಹಾಗೆ ಮಾಡಬೇಡ. ಕಾಗದದಲ್ಲಿ ಬೈಯಬೇಡ.

ಬಂದು ಬೈ.

ಅಕ್ಕ